ಕವಿಯಲ್ಲದವರು ಕವಿಗೋಷ್ಠಿಗೆ ಏಕೆ ಹೋಗಬೇಕು?

ನಾನು ಕವಿತೆ ಬರೆಯುವವನಲ್ಲ. ಬರೆಯಬೇಕೆಂಬ ಆಸೆಯೂ ಇಲ್ಲ. ಆದರೂ ಬಾಗಲಕೋಟೆ, ವಿಜಯಪುರ, ಬೆಳಗಾವಿ ಜಿಲ್ಲೆಗಳಲ್ಲಿ ಎಲ್ಲಿಯಾದರೂ ಕವಿಗೋಷ್ಠಿ ಇದೆಯೆಂದು ಗೊತ್ತಾದರೆ, ಬಿಡುವಿದ್ದಾಗಲೆಲ್ಲ ಹೋಗಿ ಕುಳಿತು ಕೇಳಿ ಬರುತ್ತೇನೆ. ಇದನ್ನು ಬಲ್ಲ ನೆಂಟರು, ಕಚೇರಿಯ ಗೆಳೆಯರು, ಒಮ್ಮೊಮ್ಮೆ ಗೋಷ್ಠಿಯಲ್ಲೇ ಪಕ್ಕದ ಕುರ್ಚಿಯಲ್ಲಿ ತಮ್ಮ ಸರದಿಗಾಗಿ ಕಾಯುತ್ತಿರುವ ಕವಿಗಳು ಕೂಡ ಕೇಳುವ ಪ್ರಶ್ನೆ ಒಂದೇ: "ನೀವಂತೂ ಬರಿಯಂಗಿಲ್ಲ, ಮತ್ತ ಇಲ್ಲಿ ಬಂದು ಯಾಕ ಕೂಡ್ತೀರಿ? ಕವಿತಾ ಬೇಕಂದ್ರ ಪುಸ್ತಕ ತಗೊಂಡು ಮನ್ಯಾಗ ಓದಬಹುದಲ್ರಿ."

ಈ ಪ್ರಶ್ನೆಯ ಹಿಂದೆ ಎರಡು ತಿಳಿವಳಿಕೆಗಳಿವೆ. ಕವಿಗೋಷ್ಠಿ ನಡೆಯುವುದು ವೇದಿಕೆಯ ಮೇಲೆ ಓದುವವರ ಸಲುವಾಗಿ ಎಂಬುದು ಒಂದು. ಕವಿತೆ ಪುಟದ ಮೇಲೆಯೇ ಪೂರ್ತಿಯಾಗಿ ಇರುತ್ತದೆ, ಅದನ್ನು ಬಾಯಿಬಿಟ್ಟು ಹೇಳುವುದೆಲ್ಲ ಸಮಾರಂಭದ ಶೋಭೆಗಾಗಿ ಎಂಬುದು ಇನ್ನೊಂದು. ಎರಡನೆಯದನ್ನು ನಾನು ಒಪ್ಪುವುದಿಲ್ಲ. ಮೊದಲನೆಯದನ್ನು ಸುಳ್ಳೆನ್ನುವ ಧೈರ್ಯ ನನಗಿಲ್ಲ.

ಏಕೆಂದರೆ ನಮ್ಮ ಭಾಗದ ಗೋಷ್ಠಿಗಳನ್ನು ಕಂಡವರಿಗೆ ಅದರ ರೀತಿ ಗೊತ್ತೇ ಇದೆ. ತಾಲ್ಲೂಕು ಸಾಹಿತ್ಯ ಸಮ್ಮೇಳನದ ಆಮಂತ್ರಣ ಪತ್ರಿಕೆಯಲ್ಲಿ ಕವಿಗೋಷ್ಠಿಗೆ ಸಿಗುವುದು ಸಾಮಾನ್ಯವಾಗಿ ಊಟದ ನಂತರದ ಹೊತ್ತು. ಗೋದಿ ಹುಗ್ಗಿ ಉಂಡು ಬಂದ ಸಭೆಗೆ ಕಣ್ಣು ಎಳೆಯುವ ಹೊತ್ತು ಅದು. ಬೆಳಗಿನ ಉದ್ಘಾಟನೆ ತಡವಾಗಿ ಗೋಷ್ಠಿಯ ಸಮಯವನ್ನು ನುಂಗಿರುತ್ತದೆ. ಸ್ವಾಗತ, ಆಶಯ ನುಡಿ, ಶಾಲು, ಹಾರ, ನೆನಪಿನ ಕಾಣಿಕೆ ಇವೆಲ್ಲ ಮುಗಿದ ಮೇಲೆ ಪ್ರತಿ ಕವಿಗೆ ಮೂರು ನಿಮಿಷವೆಂದು ನಿರೂಪಕರು ಸಾರುತ್ತಾರೆ. ಕವಿ ಆ ಮೂರು ನಿಮಿಷವನ್ನು ಕವಿತೆ ಹುಟ್ಟಿದ ಸಂದರ್ಭ ವಿವರಿಸುವುದರಲ್ಲೇ ಕಳೆದು, ಸಮಯ ಮುಗಿಯಿತೆಂಬ ಚೀಟಿ ಬಂದ ಮೇಲೆ ಕವಿತೆಯನ್ನು ಅವಸರದಲ್ಲಿ ಓದುತ್ತಾರೆ. ಓದಿದವರು ಪ್ರಮಾಣಪತ್ರ ಪಡೆದು, ಫೋಟೋ ತೆಗೆಸಿಕೊಂಡು, ಬಸ್ಸಿನ ಹೊತ್ತಾಯಿತೆಂದು ಹೊರಡುತ್ತಾರೆ. ಕೊನೆಯ ಕವಿಯ ಪಾಲಿಗೆ ಉಳಿಯುವವರು ಅಧ್ಯಕ್ಷರು, ವಂದಿಸಬೇಕಾದವರು ಮತ್ತು ನನ್ನಂಥ ಒಬ್ಬಿಬ್ಬರು. ಇಂಥ ಸಭೆಯನ್ನು ನೋಡಿ ಯಾರಾದರೂ ಹಾಗೆ ಕೇಳಿದರೆ ತಪ್ಪೇನೂ ಇಲ್ಲ.

ಇಷ್ಟೆಲ್ಲ ಇದ್ದರೂ ಹೋಗುವುದು ಏಕೆಂದರೆ, ಕನ್ನಡದ ಪದ್ಯದಲ್ಲಿ ಕಣ್ಣಿಗೆ ಕಾಣದೆ ಕಿವಿಗೆ ಮಾತ್ರ ಸಿಗುವ ಭಾಗ ಬಹಳವಿದೆ. ತ್ರಿಪದಿಯನ್ನೇ ನೋಡಿ. ಬಾದಾಮಿಯ ಬಂಡೆಯ ಮೇಲಿರುವ, ಸುಮಾರು 700ನೆಯ ಇಸವಿಯದೆಂದು ವಿದ್ವಾಂಸರು ಹೇಳುವ ಕಪ್ಪೆ ಅರಭಟ್ಟನ ಶಾಸನದಲ್ಲಿ ಆ ಛಂದಸ್ಸು ಕಲ್ಲಿನಲ್ಲಿ ಕೊರೆದು ನಿಂತಿದೆ. ಅದೇ ಛಂದಸ್ಸಿನಲ್ಲಿ ನಮ್ಮ ಅಜ್ಜಿಯಂದಿರು ಬೀಸುವ ಕಲ್ಲಿನ ಮುಂದೆ ಕುಳಿತು ಹಾಡಿದರು. ವಿಜಯಪುರ ಜಿಲ್ಲೆಯ ಹಲಸಂಗಿಯಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ, ಕಾಪಸೆ ರೇವಪ್ಪ ಮೊದಲಾದ ಗೆಳೆಯರು ಆ ಹಾಡುಗಳನ್ನು ಕೇಳಿ ಬರೆದುಕೊಂಡು 1931ರಲ್ಲಿ 'ಗರತಿಯ ಹಾಡು' ಎಂಬ ಸಂಗ್ರಹ ಹೊರತಂದರು. ಆ ಗೆಳೆಯರು ಇಲ್ಲದಿದ್ದರೆ ಎಷ್ಟೋ ಹಾಡುಗಳು ನಮಗೆ ಉಳಿಯುತ್ತಿರಲಿಲ್ಲ. ಆದರೆ ಪುಸ್ತಕದಲ್ಲಿ ಮೂರು ಸಾಲಾಗಿ ಕಾಣುವ ಪದ್ಯ ಹಾಡುವವರ ಬಾಯಲ್ಲಿ ನಾಲ್ಕಾಗುತ್ತದೆ: ಎರಡನೆಯ ಸಾಲಿನ ಭಾಗವನ್ನು ಮರಳಿ ಹಿಡಿದು, ಅಲ್ಲಿ ಒಂದಿಷ್ಟು ನಿಂತು, ಆಮೇಲೆ ಮೂರನೆಯದಕ್ಕೆ ಇಳಿಯುತ್ತಾರೆ. ಹೀಗೆ ತಡೆದು ನಿಲ್ಲುವ ಹೊತ್ತಿನಲ್ಲಿಯೇ ಕೇಳುವವರ ಮನಸ್ಸು ಮುಂದಿನ ಮಾತಿಗೆ ಸಿದ್ಧವಾಗುತ್ತದೆ. ಓದುವ ಕಣ್ಣಾದರೋ ಮೂರೂ ಸಾಲುಗಳನ್ನು ಒಂದೇ ನೋಟಕ್ಕೆ ಮುಗಿಸಿಬಿಡುತ್ತದೆ. ಇಂದಿಗೂ ಗೋಷ್ಠಿಗಳಲ್ಲಿ ಹಳ್ಳಿಯಿಂದ ಬಂದ ಕವಯಿತ್ರಿಯರು ಹೊಸದಾಗಿ ಕಟ್ಟಿದ ತ್ರಿಪದಿಗಳನ್ನು ಹಾಡಿ ಹೇಳುವುದುಂಟು. ಆಗೆಲ್ಲ ಆ ಮರಳಿ ಹಿಡಿಯುವ ಪರಿಯನ್ನು ಕೇಳುವುದಕ್ಕೇ ನಾನು ಕಾಯುತ್ತೇನೆ.

ಗಜಲಿನ ವಿಷಯದಲ್ಲಿ ಇದು ಇನ್ನೂ ಸ್ಪಷ್ಟ. ವಿಜಯಪುರದ ಗೋಷ್ಠಿಗಳಲ್ಲಿ ಗಜಲ್ ಓದುವವರು ಈಗ ಬಹಳ ಜನ. ಎರಡನೆಯ ಅಲಿ ಆದಿಲ್ ಶಾಹನ ಆಸ್ಥಾನದಲ್ಲಿದ್ದ ನುಸ್ರತಿಯಂಥ ದಖನಿ ಕವಿಗಳ ಊರು ಅದು. ಅಲ್ಲಿ ಉರ್ದು ಮುಶಾಯಿರಾ ಕೇಳಿ ಬೆಳೆದ ಕಿವಿಗಳು ಕನ್ನಡ ಗೋಷ್ಠಿಗೂ ಬರುತ್ತವೆ. ಗಜಲಿನ ಮೊದಲ ದ್ವಿಪದಿಯಾದ ಮತ್ಲಾದಲ್ಲಿ ಎರಡೂ ಸಾಲುಗಳ ಕೊನೆಗೆ ರದೀಫ್, ಅಂದರೆ ಬದಲಾಗದೆ ಮರಳಿ ಬರುವ ಪದ, ಬರುತ್ತದೆ, ಅದರ ಹಿಂದೆ ಪ್ರಾಸದ ಕಾಫಿಯಾ ಇರುತ್ತದೆ. ಮುಂದಿನ ಶೇರ್‌ಗಳಲ್ಲಿ, ಅಂದರೆ ದ್ವಿಪದಿಗಳಲ್ಲಿ, ಅವು ಬರುವುದು ಎರಡನೆಯ ಸಾಲಿನಲ್ಲಿ ಮಾತ್ರ. ಬಲ್ಲ ಕವಿ ಮೊದಲ ಸಾಲನ್ನು ಎರಡು ಸಲ ಹೇಳುತ್ತಾನೆ. ಸಭೆಗೆ ರದೀಫ್ ಗೊತ್ತು, ಆದರೆ ಅದಕ್ಕೆ ಯಾವ ದಾರಿಯಿಂದ ಬಂದು ಸೇರುತ್ತಾನೆಂಬುದು ಗೊತ್ತಿಲ್ಲ. ಕಾಫಿಯಾ ಕಿವಿಗೆ ಬಿದ್ದೊಡನೆ ಉಳಿದ ಪದವನ್ನು ಕವಿಯ ಜೊತೆಗೆ ಸಭೆಯೇ ಹೇಳಿಬಿಡುತ್ತದೆ. ಅದೇ ಗಜಲನ್ನು ಮಾಸಪತ್ರಿಕೆಯಲ್ಲಿ ಓದುವಾಗ ಬಲಬದಿಗೆ ಸಾಲಾಗಿ ನಿಂತ ರದೀಫ್ ಮೊದಲೇ ಕಂಡು, ಒಂದೇ ಪದವನ್ನು ಏಕಿಷ್ಟು ಸಲ ಬರೆದಿದ್ದಾರೆಂದು ಬೇಸರವಾಗುತ್ತದೆ. ಗಜಲ್ ತನಗೆ ಹಿಡಿಸುವುದಿಲ್ಲ ಎನ್ನುವ ಗೆಳೆಯರಿಗೆ, ನೀವು ಅದನ್ನು ಓದಿದ್ದೀರೋ ಕೇಳಿದ್ದೀರೋ ಎಂದು ನಾನು ಮೊದಲು ವಿಚಾರಿಸುವುದು ಇದಕ್ಕಾಗಿಯೇ.

ಬೆಳಗಾವಿಯವರಿಗಂತೂ ಈ ಮಾತನ್ನು ವಿವರಿಸಬೇಕಾದ ಅಗತ್ಯವೇ ಇರಬಾರದು. 1929ರಲ್ಲಿ ಮಾಸ್ತಿಯವರ ಅಧ್ಯಕ್ಷತೆಯಲ್ಲಿ ಆ ಊರಿನಲ್ಲಿ ನಡೆದ ಸಾಹಿತ್ಯ ಸಮ್ಮೇಳನದಲ್ಲಿ ದ.ರಾ. ಬೇಂದ್ರೆಯವರು 'ಹಕ್ಕಿ ಹಾರುತಿದೆ ನೋಡಿದಿರಾ' ಕವಿತೆಯನ್ನು ಹಾಡಿ ಹೇಳಿದರು. ಸಭೆ ಮೈಮರೆತು ಕೇಳಿತು. ಆ ಕವಿತೆ ಸೇರಿದ 'ಗರಿ' ಸಂಕಲನ ಹೊರಬಂದದ್ದು 1932ರಲ್ಲಿ. ಅಂದರೆ ಸಂಕಲನ ಕೈಗೆ ಬರುವ ಮೊದಲೇ ಬೆಳಗಾವಿಯ ಕೇಳುಗರು ಅದನ್ನು ಕವಿಯ ಬಾಯಿಂದಲೇ ಕೇಳಿಯಾಗಿತ್ತು. ಪ್ರತಿ ಪದ್ಯದ ಕೊನೆಗೂ ಮರಳಿ ಬರುವ ಆ ಪ್ರಶ್ನೆಯನ್ನು ನೂರಾರು ಜನರ ಎದುರು ನಿಂತು ಕೇಳುವುದಕ್ಕೂ, ಒಬ್ಬರೇ ಕುಳಿತು ಮೌನವಾಗಿ ಓದಿಕೊಳ್ಳುವುದಕ್ಕೂ ಇರುವ ಅಂತರವನ್ನು ಊಹಿಸಿಕೊಳ್ಳುವುದು ಕಷ್ಟವಲ್ಲ: 'ನೋಡಿದಿರಾ' ಎಂಬುದು ಬಹುವಚನದ ಮಾತು, ಅದಕ್ಕೆ ಎದುರಿಗೆ ಸಭೆ ಬೇಕು.

ಇನ್ನು ನುಡಿಯ ವಿಷಯ. 'ಕವಿರಾಜಮಾರ್ಗ'ಕಾರನು ಒಂಬತ್ತನೆಯ ಶತಮಾನದಲ್ಲಿ ಕನ್ನಡದ ತಿರುಳು ಎಂದು ಹೆಸರಿಸಿದ ನಾಲ್ಕು ಊರುಗಳಲ್ಲಿ ಕಿಸುವೊಳಲು ಇಂದಿನ ಬಾಗಲಕೋಟೆ ಜಿಲ್ಲೆಯ ಪಟ್ಟದಕಲ್ಲು, ಒಕ್ಕುಂದ ಇರುವುದು ಬೆಳಗಾವಿ ಜಿಲ್ಲೆಯಲ್ಲಿ. ಈ ನಾಡಿನ ಜನ ಓದು ಕಲಿಯದೆಯೂ ಕಾವ್ಯ ಬಲ್ಲವರು ಎಂಬ ಅವನ ಮೆಚ್ಚುಗೆಯನ್ನು ನಮ್ಮ ಭಾಷಣಕಾರರು ಎಲ್ಲ ಸಮ್ಮೇಳನಗಳಲ್ಲಿಯೂ ಉದ್ಧರಿಸುತ್ತಾರೆ. ಉದ್ಧರಿಸಿದ ಬಳಿಕ ಶಿಷ್ಟ ಕನ್ನಡದಲ್ಲಿ ಬರೆದ ಕವಿತೆಯನ್ನು ತಲೆ ಬಗ್ಗಿಸಿ ಓದುತ್ತಾರೆ ಎಂಬುದು ಬೇರೆ ಮಾತು. ಆದರೆ ಘೋಡಗೇರಿಯ ಚಂದ್ರಶೇಖರ ಕಂಬಾರರು ಲಾವಣಿಯ ಧಾಟಿಯಲ್ಲಿ ಕಟ್ಟಿದ 'ಹೇಳತೇನ ಕೇಳ'ದಂಥ ಕೃತಿಯನ್ನು ಈ ಭಾಗದ ಉಚ್ಚಾರದಲ್ಲಿ ಕೇಳಿದಾಗಲೇ ಅದರ ನಡೆ ಸರಿಯಾಗಿ ತಿಳಿಯುತ್ತದೆ. ನಮ್ಮ ಆಡುಮಾತಿನಲ್ಲಿ ಸ್ವರಗಳನ್ನು ಎಲ್ಲಿ ನುಂಗುತ್ತೇವೆ, ಎಲ್ಲಿ ಎಳೆಯುತ್ತೇವೆ ಎಂಬುದಕ್ಕೆ ಅಚ್ಚಿನಲ್ಲಿ ಗುರುತುಗಳಿಲ್ಲ. ಜಮಖಂಡಿಯ ಹುಡುಗನೊಬ್ಬ ತನ್ನ ಮಾತಿನಲ್ಲಿಯೇ ಬರೆದ ಕವಿತೆಯನ್ನು ಅವನ ಬಾಯಿಂದ ಕೇಳಿದ ಮೇಲೆ ಪುಟದಲ್ಲಿ ಮತ್ತೆ ನೋಡಿದರೆ, ಎಡವುವಂತೆ ಕಂಡಿದ್ದ ಸಾಲುಗಳು ಲಯದಲ್ಲಿಯೇ ಇದ್ದವೆಂದು ಗೊತ್ತಾಗುತ್ತದೆ.

ಕಿವಿಯನ್ನು ಪೂರ್ತಿ ನಂಬಬೇಕೆಂದು ಮಾತ್ರ ನಾನು ಹೇಳುವುದಿಲ್ಲ. ಒಳ್ಳೆಯ ಕಂಠ ಸಾಧಾರಣ ಕವಿತೆಯನ್ನು ದಾಟಿಸಿಬಿಡುತ್ತದೆ. ಸೈನಿಕ, ತಾಯಿ, ಕನ್ನಡಮ್ಮ ಎಂಬ ಪದಗಳು ಬಂದೊಡನೆ, ಕವಿತೆ ಏನು ಹೇಳುತ್ತಿದೆ ಎಂಬುದರ ಕಡೆಗೆ ಗಮನವಿಲ್ಲದೆಯೇ ಚಪ್ಪಾಳೆ ಬೀಳುತ್ತದೆ. ಗಡಿಯ ಜಿಲ್ಲೆಯಲ್ಲಿ ಮೂರನೆಯ ಪದಕ್ಕೆ ಸ್ವಲ್ಪ ಹೆಚ್ಚೇ. ಅದೇ ಸಭೆಯಲ್ಲಿ ಮುಳುಗಡೆಯಾದ ಹಳೆಯ ಬಾಗಲಕೋಟೆಯ ಓಣಿಯನ್ನು ಕುರಿತು, ಆಲಮಟ್ಟಿಯ ಹಿನ್ನೀರನ್ನು ಬೈಯದೆ ಹೊಗಳದೆ, ಬಿಟ್ಟುಬಂದ ಮನೆಯ ಬಾಗಿಲು ಕಿಟಕಿಗಳನ್ನಷ್ಟೇ ಹೇಳುವ ಕವಿತೆಗೆ ಚಪ್ಪಾಳೆ ಬೀಳಲಿಕ್ಕಿಲ್ಲ. ಆದ್ದರಿಂದ ಗೋಷ್ಠಿಯ ಹೊರಗಿನ ಪುಸ್ತಕ ಮಳಿಗೆಯಲ್ಲಿ ಹಿಡಿಸಿದವರ ಸಂಕಲನ ಸಿಕ್ಕರೆ ಕೊಂಡು ತಂದು ಮನೆಯಲ್ಲಿ ಓದುತ್ತೇನೆ. ಪುಸ್ತಕ ಓದಬಹುದಲ್ಲ ಎನ್ನುವವರಿಗೆ ನನ್ನ ಉತ್ತರವೂ ಇಷ್ಟೇ: ಓದುತ್ತೇನೆ, ಯಾವುದನ್ನು ಓದಬೇಕೆಂದು ಅಲ್ಲಿ ಗೊತ್ತಾಗುತ್ತದೆ.

ಜನರಿಗೆ ಪದ್ಯ ಕೇಳುವ ತಾಳ್ಮೆ ಹೋಗಿದೆ ಎಂಬ ಸಂಘಟಕರ ದೂರು ನನಗೆ ಒಪ್ಪಿಗೆಯಾಗುವುದಿಲ್ಲ. ಇದೇ ಊರುಗಳ ಜಾತ್ರೆಗಳಲ್ಲಿ ಹರದೇಶಿ ಮೇಳದವರು ಗಂಡನ್ನೂ ನಾಗೇಶಿ ಮೇಳದವರು ಹೆಣ್ಣನ್ನೂ ಎತ್ತಿಹಿಡಿದು ಸವಾಲು ಜವಾಬಿನಲ್ಲಿ ಹಾಡುವಾಗ, ಮೊಹರಂ ಸಮಯದಲ್ಲಿ ಕರ್ಬಲಾದ ಕಥೆಯ ರಿವಾಯತ್ ಪದ ಹೇಳುವಾಗ, ಜನ ಬೆಳತನಕ ಕೂಡುತ್ತಾರೆ. ಅಲ್ಲಿ ಹಾಡುವವರಿಗೆ ಎದುರಾಳಿ ಇದ್ದಾರೆ, ಕೇಳುವವರಿಗೆ ತೀರ್ಪು ಕೊಡುವ ಹಕ್ಕಿದೆ. ನಮ್ಮ ಗೋಷ್ಠಿಯಲ್ಲಿ ಎಲ್ಲರಿಗೂ ಒಂದೇ ಶಾಲು, ಒಂದೇ ಪ್ರಮಾಣಪತ್ರ. ನಲವತ್ತು ಹೆಸರುಗಳ ಬದಲು ಹನ್ನೆರಡು ಜನರನ್ನು ಕರೆದು, ಪ್ರತಿಯೊಬ್ಬರಿಗೂ ಎರಡು ಕವಿತೆಗಳಿಗೆ ಅವಕಾಶ ಕೊಟ್ಟು, ಪೀಠಿಕೆಗೆ ಅವಕಾಶ ಕೊಡದಿದ್ದರೆ ಕುರ್ಚಿಗಳು ತುಂಬುತ್ತವೆ ಎಂಬುದು ನನ್ನ ಅಂದಾಜು. ಹೆಸರು ಬಿಟ್ಟುಹೋದವರ ಸಿಟ್ಟನ್ನು ಸಾಹಿತ್ಯ ಪರಿಷತ್ತಿನ ತಾಲ್ಲೂಕು ಘಟಕದವರು ಹೇಗೆ ಎದುರಿಸಬೇಕು ಎಂದು ಕೇಳಿದರೆ ನನ್ನಲ್ಲಿ ಉಪಾಯವಿಲ್ಲ.

ಪ್ರಶ್ನೆ ಕೇಳಿದವರಲ್ಲಿ ಕೆಲವರು ಕಡೆಗೆ, ಹಾಗಾದರೆ ನಾವೂ ಬರಬಹುದೇ ಎನ್ನುತ್ತಾರೆ. ಬರಬಹುದು, ಕೇಳುವವರಿಗೆ ಆಮಂತ್ರಣ ಬೇಕಿಲ್ಲ. ಅಕ್ಟೋಬರ್ ತಿಂಗಳ ಕಿತ್ತೂರು ಉತ್ಸವದಲ್ಲಿ, ಮುಧೋಳದ ರನ್ನನ ಹೆಸರಿನ ಉತ್ಸವ ನಡೆದಾಗ ಅಲ್ಲಿ, ಜಿಲ್ಲಾ ಮತ್ತು ತಾಲ್ಲೂಕು ಸಮ್ಮೇಳನಗಳಲ್ಲಿ ಕವಿಗೋಷ್ಠಿ ಇದ್ದೇ ಇರುತ್ತದೆ. ಉತ್ಸವದ ದೊಡ್ಡ ಪೆಂಡಾಲಿಗಿಂತ ತಾಲ್ಲೂಕಿನ ಸಣ್ಣ ಸಭಾಭವನ ಮೇಲು, ಏಕೆಂದರೆ ಅಲ್ಲಿ ಧ್ವನಿವರ್ಧಕದ ಗದ್ದಲ ಕಡಿಮೆ. ಅಧ್ಯಕ್ಷೀಯ ನುಡಿಯ ತನಕ ಇರಬೇಕೆಂಬುದು ನನ್ನ ಒಂದೇ ಕೋರಿಕೆ. ಅಧ್ಯಕ್ಷರು ಕವಿಗಳ ಹೆಸರುಗಳನ್ನಷ್ಟೇ ಓದಿ ಎಲ್ಲವೂ ಚೆನ್ನಾಗಿವೆ ಎಂದು ಮುಗಿಸುವುದು ರೂಢಿ. ಆದರೆ ಅಪರೂಪಕ್ಕೆ ಒಬ್ಬ ಅಧ್ಯಕ್ಷರು, ಕವಿಗಳು ಓದುತ್ತಿರುವಾಗಲೇ ಟಿಪ್ಪಣಿ ಮಾಡಿಕೊಂಡು, ಈ ಕವಿತೆಯ ಕೊನೆಯ ನಾಲ್ಕು ಸಾಲು ಬೇಡವಾಗಿತ್ತು, ಆ ಕವಿತೆಯ ಎರಡನೆಯ ಪದ್ಯವನ್ನು ಇನ್ನೊಮ್ಮೆ ಓದಿರಿ ಎಂದು ವೇದಿಕೆಯಿಂದಲೇ ಹೇಳುತ್ತಾರೆ. ಆ ಹೊತ್ತಿಗೆ ಸಂಜೆಯಾಗಿರುತ್ತದೆ, ಹಳ್ಳಿಯ ಬಸ್ಸುಗಳು ಬೇಗ ನಿಲ್ಲುತ್ತವೆ. ಆದ್ದರಿಂದ ಬರುವವರು ಸ್ವಂತ ಗಾಡಿಯಲ್ಲಿ ಬರುವುದು ಒಳ್ಳೆಯದು.