ಆಟಿ ತಿಂಗಳಲ್ಲಿ ನಾರ್ವೆಯ ಕಡಲು

"ಜುಲೈ ಕೊನೆಗಾ? ಆಟಿಯಲ್ಲಿ ಯಾರಾದರೂ ಕಡಲಿಗೆ ಇಳಿಯುವುದುಂಟಾ ಮಗಾ?"

ಅಪ್ಪ, ಅಮ್ಮ ಇಬ್ಬರನ್ನೂ ಹಡಗಿನಲ್ಲಿ ನಾರ್ವೆಗೆ ಕರೆದುಕೊಂಡು ಹೋಗುತ್ತೇನೆ ಎಂದು ಫೋನಿನಲ್ಲಿ ಹೇಳಿದಾಗ ಅಪ್ಪ ಕೇಳಿದ ಮೊದಲ ಪ್ರಶ್ನೆ ಇದು. ಆಟಿ ಅಂದರೆ ತುಳುನಾಡಿನಲ್ಲಿ ಮಳೆ ಜೋರಾಗಿರುವ ತಿಂಗಳು. ಮಲ್ಪೆ ದಕ್ಕೆಯ ಪಕ್ಕದಲ್ಲೇ ಬದುಕಿದವರು ಹೀಗೆ ಕೇಳದೆ ಇನ್ನು ಹೇಗೆ ಕೇಳುತ್ತಾರೆ? ಜೂನ್ 1ರಿಂದ ಜುಲೈ 31ರವರೆಗೆ ನಮ್ಮಲ್ಲಿ ಯಾಂತ್ರಿಕ ಬೋಟುಗಳಿಗೆ ಮೀನುಗಾರಿಕೆ ನಿಷೇಧ. ಬೋಟುಗಳೆಲ್ಲ ಮೈಗೆ ಮೈ ತಾಗಿಸಿಕೊಂಡು ನಿಂತಿರುತ್ತವೆ. ಒಂದಲ್ಲ ಒಂದು ಊರಿನಿಂದ ಕಡಲ್ಕೊರೆತದ ಸುದ್ದಿ ಬರುತ್ತಲೇ ಇರುತ್ತದೆ. ನೂಲ ಹುಣ್ಣಿಮೆಗೆ ಸಮುದ್ರಪೂಜೆ ಆಗದೆ ಕಡಲನ್ನು ನಂಬಬಾರದು ಅಂತಲೇ ನಾವೆಲ್ಲ ಬೆಳೆದದ್ದು.

ನಾನು ಜರ್ಮನಿಯ ಹ್ಯಾಂಬರ್ಗಿಗೆ ಬಂದು ಹತ್ತು ವರ್ಷ ದಾಟಿತು. ಉತ್ತರ ಯುರೋಪಿನ ಹಡಗುಯಾನಕ್ಕೆ ಬರಬೇಕು ಎಂದುಕೊಂಡಿರುವ ಊರಿನವರೆಲ್ಲ ಈಗಲೂ ಅಪ್ಪನ ಪ್ರಶ್ನೆಯನ್ನೇ ಕೇಳುತ್ತಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಇಲ್ಲಿನ ಕಡಲಿನ ಲೆಕ್ಕ ನಮ್ಮದಕ್ಕೆ ಪೂರ್ತಿ ಉಲ್ಟಾ. ಜೂನ್‌ನಲ್ಲಿ ಅರಬ್ಬಿ ಸಮುದ್ರದ ಮೇಲಿಂದ ಮುಂಗಾರಿನ ಗಾಳಿ ನೇರ ನಮ್ಮ ದಡಕ್ಕೆ ಬಂದು ಬಡಿಯುತ್ತದೆ. ಅದಕ್ಕೇ ಆ ಅಬ್ಬರ. ಉತ್ತರ ಸಮುದ್ರದಲ್ಲಿ ಅಬ್ಬರದ ಕಾಲ ಚಳಿಗಾಲ, ಹೆಚ್ಚುಕಡಿಮೆ ನವೆಂಬರಿನಿಂದ ಫೆಬ್ರವರಿವರೆಗೆ. ಆಗ ಧ್ರುವದ ಕಡೆಯ ಚಳಿಗೂ ದಕ್ಷಿಣದ ಬಿಸಿಗೂ ಅಂತರ ತುಂಬಾ ಜಾಸ್ತಿ. ಬಿರುಗಾಳಿಗೆ ಬಲ ಬರುವುದು ಆ ಅಂತರದಿಂದಲೇ. ಬೇಸಿಗೆಯಲ್ಲಿ ಅಂತರ ಕಡಿಮೆಯಾಗುತ್ತದೆ, ಗಾಳಿಯೂ ಇಳಿಯುತ್ತದೆ. ಜೂನ್, ಜುಲೈ ಅಂದರೆ ಈ ಕಡಲು ವರ್ಷದಲ್ಲೇ ಮೆತ್ತಗಿರುವ ಸಮಯ.

ಹಾಗಂತ ಒಂದು ದಿನವೂ ಅಲ್ಲಾಡುವುದಿಲ್ಲ ಎಂದು ನಾನು ಮಾತು ಕೊಡಲಾರೆ. ಹ್ಯಾಂಬರ್ಗಿನಿಂದ ಹೊರಟ ಹಡಗು ಮೊದಲು ಎಲ್ಬೆ ನದಿಯಲ್ಲಿ ನೂರು ಕಿಲೋಮೀಟರ್ ಸಾಗಬೇಕು. ಅಷ್ಟು ಹೊತ್ತೂ ಲೋಟದ ನೀರು ಅಲುಗುವುದಿಲ್ಲ. ಕುಕ್ಸ್‌ಹಾಫನ್ ಎಂಬ ನದಿಬಾಯಿಯ ಊರು ದಾಟಿದ ಮೇಲೆ ನಿಜವಾದ ಕಡಲು. ಉತ್ತರ ಸಮುದ್ರದ ಸರಾಸರಿ ಆಳ ಸುಮಾರು 90 ಮೀಟರ್ ಅಷ್ಟೇ. ದಕ್ಷಿಣದ ಭಾಗವಂತೂ ಇನ್ನೂ ಆಳ ಕಡಿಮೆ. ಅಂಥ ನೀರಿನ ಮೇಲೆ ಗಾಳಿ ಎದ್ದರೆ ಅಲೆಗಳು ಹತ್ತಿರ ಹತ್ತಿರ, ಕಡಿದಾಗಿ ಏಳುತ್ತವೆ. ನಮ್ಮ ಪ್ರಯಾಣದ ಎರಡನೇ ದಿನ ಕ್ಯಾಪ್ಟನ್ ಮಧ್ಯಾಹ್ನ ಮೈಕಿನಲ್ಲಿ ಹೇಳಿದ್ದು ಗಾಳಿಯ ಜೋರು ಅಳೆಯುವ ಬ್ಯೂಫೋರ್ಟ್ ಲೆಕ್ಕದಲ್ಲಿ 5, ಅಲೆ ಎರಡು ಮೀಟರ್ ಅಂತ. ಅಪ್ಪ ಕಿಟಕಿಯ ಹತ್ತಿರ ನಿಂತು ತುಂಬಾ ಹೊತ್ತು ನೋಡಿದರು. "ಇಷ್ಟೇನಾ? ನಮ್ಮ ಟ್ರಾಲ್ ಬೋಟಿಗೂ ಇದು ದೊಡ್ಡದಲ್ಲ" ಎಂದರು. ಅವತ್ತು ಸಂಜೆ ಅವರ ಮುಖದಲ್ಲಿದ್ದ ನಿರಾಳ ನೋಡಿ ನನಗೆ ಹೋದ ಜೀವ ಬಂದಂತಾಯಿತು.

ದೊಡ್ಡ ಹಡಗಿಗೆ ಎರಡು ಮೀಟರ್ ಅಲೆ ಗೊತ್ತೇ ಆಗುವುದಿಲ್ಲ. ಮೂರು, ನಾಲ್ಕು ಮೀಟರ್ ಆದರೆ ನಡೆಯುವಾಗ ಕೈ ತಾನಾಗಿ ಗೋಡೆಯ ಕಡೆ ಹೋಗುತ್ತದೆ. ಇನ್ನೊಂದು ವಿಷಯ. ಮುನ್ಸೂಚನೆಯಲ್ಲಿ ಹೇಳುವ ಅಲೆಯ ಎತ್ತರ ಒಂದು ಸರಾಸರಿ, ಅಲೆಗಳಲ್ಲಿ ದೊಡ್ಡ ಮೂರನೇ ಒಂದು ಪಾಲಿನ ಸರಾಸರಿ. ನಡುವೆ ಒಂದೊಂದು ಅದರ ಎರಡರಷ್ಟು ಬರಬಹುದು. ಗಾಳಿಯೇ ಇಲ್ಲ, ಬಿಸಿಲು ಹೊಳೆಯುತ್ತಿದೆ, ಆದರೂ ಹಡಗು ತೊಟ್ಟಿಲಿನಂತೆ ತೂಗುತ್ತದೆ. ಅಟ್ಲಾಂಟಿಕ್‌ನಲ್ಲಿ ಎಲ್ಲೋ ದೂರ ಬೀಸಿದ ಗಾಳಿಯ ಅಲೆ ಅದು, ಗಾಳಿ ನಿಂತ ಮೇಲೂ ನಡೆದು ಬರುತ್ತಿರುತ್ತದೆ.

ನಾರ್ವೆಯ ದಡದಲ್ಲಿ ಒಂದು ಜಾಗವನ್ನು ನೆನಪಿಡಿ, ಸ್ಟಾಡ್. ಬರ್ಗೆನ್‌ನಿಂದ ಗೈರಾಂಗರ್ ಕಡೆಗೆ ಹೋಗುವಾಗ ಸಿಗುತ್ತದೆ. ಅಲ್ಲಿ ನೆಲ ಕಡಲಿನೊಳಗೆ ಚಾಚಿದೆ, ಮುಂದೆ ಮರೆಯಾಗಿ ಒಂದು ದ್ವೀಪವೂ ಇಲ್ಲ. ಹಳೆಯ ಕಾಲದಲ್ಲಿ ಆ ತುದಿಯನ್ನು ಸುತ್ತಲು ಹೆದರಿ ದೋಣಿಗಳನ್ನು ನೆಲದ ಮೇಲೆಯೇ ಎಳೆದು ಆಚೆ ದಾಟಿಸುತ್ತಿದ್ದರಂತೆ. ಅಮ್ಮನಿಗೆ ತಲೆ ತಿರುಗಿದ್ದು ಇಡೀ ಪ್ರಯಾಣದಲ್ಲಿ ಅಲ್ಲಿ ಮಾತ್ರ. ಒಂದೆರಡು ಗಂಟೆ. ಊರಿನಿಂದ ತಂದಿದ್ದ ಒಣಶುಂಠಿ ಬಾಯಲ್ಲಿಟ್ಟುಕೊಂಡು ಹಡಗಿನ ನಡುಭಾಗದಲ್ಲಿ, ಕೆಳಗಿನ ಅಂತಸ್ತಿನಲ್ಲಿ ಕೂತು ದೂರದ ಬಾನಂಚನ್ನು ನೋಡುತ್ತಿದ್ದರು. ಹಡಗು ತೊಟ್ಟಿಲಾದರೆ ನಡು ಕಡಿಮೆ ತೂಗುತ್ತದೆ, ತುದಿ ಜಾಸ್ತಿ. ಕೋಣೆ ಬುಕ್ ಮಾಡುವಾಗಲೇ ಇದನ್ನು ನೋಡಿಕೊಳ್ಳಿ. ಎತ್ತರದ ಬಾಲ್ಕನಿಗೆ ಜಾಸ್ತಿ ದುಡ್ಡು ಕೊಟ್ಟು ಜಾಸ್ತಿ ತೂಗಾಟವನ್ನೂ ಕೊಂಡವರನ್ನು ನೋಡಿದ್ದೇನೆ. ಹೊಟ್ಟೆ ಖಾಲಿ ಬಿಡಬೇಡಿ. ಮಾತ್ರೆ ಬೇಕಿದ್ದರೆ ಹೊರಡುವ ಮೊದಲೇ ಡಾಕ್ಟರನ್ನು ಕೇಳಿ, ವಯಸ್ಸಾದವರಂತೂ ಕೇಳಲೇಬೇಕು. ತಲೆ ತಿರುಗಿದ ಮೇಲೆ ನುಂಗಿದರೆ ಅಷ್ಟು ಕೆಲಸ ಮಾಡುವುದಿಲ್ಲ.

ಫ್ಯೋರ್ಡ್‌ಗಳ ಒಳಗೆ ಹೊಕ್ಕ ಮೇಲೆ ಅಲೆಯ ಮಾತೇ ಇಲ್ಲ. ಫ್ಯೋರ್ಡ್ ಅಂದರೆ ಬೆಟ್ಟಗಳ ನಡುವೆ ನೆಲದೊಳಗೆ ಉದ್ದಕ್ಕೆ ಚಾಚಿದ ಕಡಲಿನ ಕವಲು. ಎರಡೂ ಕಡೆ ಗೋಡೆಯಂಥ ಬೆಟ್ಟ, ನಡುವೆ ಕೆರೆಯಂಥ ನೀರು.

ಹಾಗಾದರೆ ನಿಜವಾಗಿ ಯಾವುದಕ್ಕೆ ತಯಾರಾಗಬೇಕು? ಚಳಿಗೆ, ಮಳೆಗೆ. ಬೇಸಿಗೆ ಎಂಬ ಪದ ಕೇಳಿ ನಮ್ಮವರು ಹತ್ತಿ ಬಟ್ಟೆ ಮಾತ್ರ ತುಂಬಿಕೊಂಡು ಬರುತ್ತಾರೆ. ನನಗೆ ಸಂಕಟ ಆಗುವುದು ಇಲ್ಲೇ, ಯಾಕೆಂದರೆ ಜನ್ಮಕ್ಕೊಮ್ಮೆ ಬಂದವರು ಡೆಕ್ಕಿನ ಮೇಲೆ ಹತ್ತು ನಿಮಿಷ ನಿಲ್ಲಲಾಗದೆ ಒಳಗೆ ಓಡುತ್ತಾರೆ. ಬರ್ಗೆನ್‌ನಲ್ಲಿ ಜುಲೈ ಮಧ್ಯಾಹ್ನ 18 ಡಿಗ್ರಿ ಎಂದರೆ ಒಳ್ಳೆಯ ದಿನ. ಅದೇ ವಾರ ಒಂದು ದಿನ 25, ಮರುದಿನ 11 ಆದರೂ ಯಾರೂ ಆಶ್ಚರ್ಯಪಡುವುದಿಲ್ಲ. ಇದರ ಮೇಲೆ ಹಡಗಿನದ್ದೇ ಗಾಳಿ ಬೇರೆ. ಹಡಗು ಗಂಟೆಗೆ 37 ಕಿಲೋಮೀಟರ್ ವೇಗದಲ್ಲಿ ಹೋಗುತ್ತಿದ್ದು, ಎದುರಿನಿಂದ ಅಷ್ಟೇ ವೇಗದ ಗಾಳಿ ಬಂದರೆ, ಡೆಕ್ಕಿನಲ್ಲಿ ನಿಂತವರ ಮುಖಕ್ಕೆ ಬಡಿಯುವುದು 74 ಕಿಲೋಮೀಟರ್ ಗಾಳಿ. ಕೊಡೆ ಮಗುಚಿ ಹೋಗುತ್ತದೆ. ಕೊಡೆ ಬಿಟ್ಟು ಟೊಪ್ಪಿ ಇರುವ ರೇನ್‌ಕೋಟ್, ಒಳಗೆ ಥರ್ಮಲ್, ನಡುವೆ ಒಂದು ಸ್ವೆಟರ್ ತನ್ನಿ. ಅಮ್ಮ ಸೀರೆ ಬಿಡುವುದಿಲ್ಲ ಎಂದು ಹಟ ಹಿಡಿದಿದ್ದರು. ಸೀರೆಯೊಳಗೆ ಥರ್ಮಲ್ ಪ್ಯಾಂಟ್, ಕಾಲಿಗೆ ಉಣ್ಣೆಯ ಸಾಕ್ಸ್, ಮೇಲೆ ನನ್ನ ಜರ್ಕಿನ್ ಹಾಕಿ ರಾತ್ರಿ ಹತ್ತೂವರೆಯ ಬೆಳಕಿನಲ್ಲಿ ಡೆಕ್ಕಿನ ಮೇಲೆ ನನ್ನ ಜೊತೆ ನಿಂತಿದ್ದರು. ಬೆಳಕು ಅಷ್ಟು ಹೊತ್ತು ಇರುತ್ತದೆ, ನಿದ್ದೆಗೆ ಕಣ್ಣುಪಟ್ಟಿ ಬೇಕಾಗುತ್ತದೆ.

ಬರ್ಗೆನ್‌ನಲ್ಲಿ ವರ್ಷಕ್ಕೆ 200ಕ್ಕೂ ಹೆಚ್ಚು ದಿನ ಮಳೆ. ಆಗುಂಬೆಯ ಮೂರನೇ ಒಂದರಷ್ಟೂ ಬೀಳದೇ ಇರಬಹುದು, ಆದರೆ ಜಿಟಿಜಿಟಿ ಬಿಡುವುದಿಲ್ಲ. ನಾವು ಇಳಿದ ದಿನವೂ ಸೋನೆ. ಅಲ್ಲಿ ನಡೆಯುತ್ತಾ ಅಪ್ಪನಿಗೆ ನಾನು ಇಷ್ಟಪಡುವ ಒಂದು ಕಥೆ ಹೇಳಿದೆ. ಗಿಲ್ಬರ್ಟ್ ವಾಕರ್ ಎಂಬ ಇಂಗ್ಲಿಷ್ ಗಣಿತಜ್ಞ 1904ರಲ್ಲಿ ನಮ್ಮ ದೇಶದ ಹವಾಮಾನ ಇಲಾಖೆಗೆ ಮುಖ್ಯಸ್ಥರಾಗಿ ಬಂದು, ಮುಂಗಾರು ಯಾಕೆ ಕೈಕೊಡುತ್ತದೆ ಎಂದು ವರ್ಷಗಟ್ಟಲೆ ಹುಡುಕಿದರು. ಇತ್ತ ಬರ್ಗೆನ್‌ನಲ್ಲಿ 1917ರಿಂದ ವಿಲ್ಹೆಲ್ಮ್ ಬ್ಯರ್ಕ್‌ನೆಸ್ ಎಂಬ ಹವಾಮಾನ ವಿಜ್ಞಾನಿ ಮತ್ತು ಅವರ ಮಗ ಯಾಕೊಬ್, ರೈತರಿಗೂ ಮೀನುಗಾರರಿಗೂ ಬೇಕಾದ ಮುನ್ಸೂಚನೆಗೆಂದು ದಡದುದ್ದಕ್ಕೂ ಹವಾಮಾನ ನೋಡುವ ಠಾಣೆಗಳನ್ನು ಹೆಚ್ಚಿಸಿದರು. ಬಿಸಿ ಗಾಳಿಯೂ ತಣ್ಣನೆಯ ಗಾಳಿಯೂ ಸೇರುವ ಗೆರೆಗೆ 'ಫ್ರಂಟ್' ಎಂದು ಹೆಸರಿಟ್ಟವರು ಅವರ ತಂಡದವರೇ. ಅದೇ ಯಾಕೊಬ್ 1969ರಲ್ಲಿ ಪೆಸಿಫಿಕ್ ಸಾಗರದ ಮೇಲಿನ ಗಾಳಿಯ ಸುತ್ತಾಟವನ್ನು ಎಲ್ ನಿನ್ಯೋ (ಆ ಸಾಗರದ ನೀರು ಆಗಾಗ ಬಿಸಿಯೇರುವುದು) ಜೊತೆ ಜೋಡಿಸಿ ತೋರಿಸಿದರು, ಆ ಸುತ್ತಾಟಕ್ಕೆ ವಾಕರ್ ಹೆಸರನ್ನೇ ಇಟ್ಟರು. ಎಲ್ ನಿನ್ಯೋ ಬಂತು, ಮಳೆ ಕಡಿಮೆಯಂತೆ ಎಂದು ನಾವು ಊರಲ್ಲಿ ಮಾತಾಡಿಕೊಳ್ಳುವುದರ ಹಿಂದೆ ಈ ಮಳೆಯ ಊರೂ ಇದೆ. ಅಪ್ಪ ಸುಮ್ನೆ ನಿಂತು ಮಳೆಗೆ ಮುಖವೊಡ್ಡಿದರು.

ಮಳೆ ಬಂದರೆ ದಿನ ಹಾಳಾಯಿತು ಎಂದು ಬೇಜಾರು ಮಾಡಿಕೊಳ್ಳಬೇಡಿ. ಗೈರಾಂಗರ್ ಫ್ಯೋರ್ಡ್‌ನಲ್ಲಿ ಮಳೆ ಬಿದ್ದ ಬೆಳಿಗ್ಗೆ ಹೆಸರಿಲ್ಲದ ಎಷ್ಟೋ ಝರಿಗಳು ಬಂಡೆಯಿಂದ ಇಳಿಯುತ್ತಿದ್ದವು. ಮಳೆಗಾಲದ ಘಟ್ಟದಲ್ಲಿ ಬಸ್ಸಿನ ಕಿಟಕಿಯಿಂದ ನೋಡುತ್ತೇವಲ್ಲ, ಹಾಗೆಯೇ. ಅವತ್ತು ಮೋಡದ ಹಿಂದೆ ಶಿಖರಗಳು ಕಾಣಲಿಲ್ಲ. ನನಗೆ ಬೇಸರವಾಗಲಿಲ್ಲ.

ಮಂಜು ಬೇರೆ ಥರ. ಬೆಚ್ಚಗಿನ ಗಾಳಿ ತಣ್ಣನೆಯ ನೀರಿನ ಮೇಲೆ ಬಂದಾಗ ಕಡಲ ಮೇಲೆ ದಟ್ಟವಾಗಿ ಕವಿಯುತ್ತದೆ. ಆಗ ಹಡಗು ಎರಡು ನಿಮಿಷಕ್ಕೆ ಒಮ್ಮೆಯಾದರೂ ಉದ್ದಕ್ಕೆ ಕೂಗಬೇಕು, ಅದು ನಿಯಮ. ಹಿಂದಿರುಗುವ ರಾತ್ರಿ ಆ ಕೂಗಿಗೆ ಅಮ್ಮ ಎದ್ದು ಕೂತರು. ಅಪಾಯವಲ್ಲ, ಬೇರೆ ಹಡಗುಗಳಿಗೆ ನಾವಿಲ್ಲಿದ್ದೇವೆ ಎಂದು ಹೇಳುವುದು ಅಂದಾಗ ಮಲಗಿದರು.

ವಯಸ್ಸಾದವರನ್ನು ಮೊದಲ ಸಲ ಕರೆತರುವವರು ಬಾಲ್ಟಿಕ್ ಕಡೆಗೂ ಯೋಚಿಸಿ. ಅದು ಹೆಚ್ಚುಕಡಿಮೆ ಸುತ್ತ ನೆಲವಿರುವ ಕಡಲು, ಅಟ್ಲಾಂಟಿಕ್‌ನ ದೊಡ್ಡ ಅಲೆ ಅಲ್ಲಿಗೆ ತಲುಪುವುದಿಲ್ಲ. ಸ್ಟಾಕ್‌ಹೋಮ್ ಹತ್ತಿರ ಸಾವಿರಾರು ದ್ವೀಪಗಳ ನಡುವೆ ಗಂಟೆಗಟ್ಟಲೆ ನಿಧಾನವಾಗಿ ಸಾಗುವುದೇ ಒಂದು ಸುಖ. ಎಲ್ಲಿಗೇ ಹೋದರೂ ಗಾಳಿ ಜೋರಾದರೆ ಕ್ಯಾಪ್ಟನ್ ಒಂದು ಬಂದರನ್ನು ಬಿಟ್ಟು ಮುಂದೆ ಹೋಗಬಹುದು, ಅದರಲ್ಲೂ ಸಣ್ಣ ದೋಣಿಯಲ್ಲಿ ದಡಕ್ಕೆ ಹೋಗಬೇಕಾದ ಕಡೆ. ಹಾಗಾಗಿ ಅಲ್ಲಿ ತಿರುಗಾಟಕ್ಕೆ ಬೇರೆಯಾಗಿ ಟಿಕೆಟ್ ತೆಗೆಯುವಾಗ ದುಡ್ಡು ವಾಪಸ್ ಸಿಗುತ್ತದಾ ಎಂದು ಕೇಳಿಕೊಳ್ಳಿ. ಆಗಸ್ಟ್ ಕೊನೆ ದಾಟಿದರೆ ಗಾಳಿ ಮತ್ತೆ ಏಳಲು ಶುರು.

ಅಪ್ಪನಿಗೆ ಈಗ ನಾರ್ವೆಯ ಉತ್ತರ ತುದಿಯ ನಾರ್ತ್ ಕೇಪ್ ನೋಡುವ ಆಸೆ. ಅಲ್ಲಿ ಮೇ ಮಧ್ಯದಿಂದ ಜುಲೈ ಕೊನೆಯವರೆಗೆ ಸೂರ್ಯ ಮುಳುಗುವುದಿಲ್ಲ, ಆದರೆ ಮಂಜು ಕವಿದರೆ ಸೂರ್ಯನೂ ಇಲ್ಲ, ಕಡಲೂ ಇಲ್ಲ. ಅದನ್ನೂ ಹೇಳಿದೆ. ಇರಲಿ, ಜೂನ್‌ಗೆ ಬುಕ್ ಮಾಡು ಎಂದರು.