ಬೇಜಾರಾಗುವುದಿಲ್ಲವೇ ಎಂದು ಕೇಳುವವರಿಗೆ

‘ಅಷ್ಟು ಚಿಕ್ಕ ಊರಿನಲ್ಲಿ ಬೇಜಾರಾಗುವುದಿಲ್ಲವೇ?’

ಇಲ್ಲ.

ಇಷ್ಟಕ್ಕೇ ಬಿಟ್ಟರೆ ಸೊಕ್ಕು ಎನ್ನುತ್ತೀರಿ. ಆದ್ದರಿಂದ ಒಮ್ಮೆ ಪೂರ್ತಿ ಬರೆದುಬಿಡುತ್ತೇನೆ. ಇನ್ನು ಮುಂದೆ ಕೇಳಿದವರಿಗೆಲ್ಲ ಇದನ್ನೇ ಕಳಿಸುವುದು, ಫೋನಿನಲ್ಲಿ ಗಂಟಲು ಒಣಗಿಸಿಕೊಳ್ಳುವುದಿಲ್ಲ.

ನನಗೆ ಸಿಟ್ಟು ಬರುವುದು ಪ್ರಶ್ನೆಗಲ್ಲ, ಅದಕ್ಕೆ ಮೊದಲು ಬರುವ ಪೀಠಿಕೆಗೆ. ‘ಫ್ರಾನ್ಸ್ ಎಂದಾಗ ನಾವು ಪ್ಯಾರಿಸ್ ಅಂದುಕೊಂಡಿದ್ದೆವು’ ಎನ್ನುತ್ತಾರೆ. ಯಾರೋ ಮೇಲಧಿಕಾರಿ ಹಗೆ ಸಾಧಿಸಿ ನನ್ನನ್ನು ಎತ್ತಂಗಡಿ ಮಾಡಿಸಿದ್ದಾನೆ ಎಂಬ ಧಾಟಿಯಲ್ಲಿ ಒಂದು ‘ಪಾಪ’ವನ್ನೂ ಸೇರಿಸುತ್ತಾರೆ. ನಾನಿರುವುದು ಆಂಬ್ವಾಜ್. ಪ್ಯಾರಿಸ್ಸಿನಿಂದ ಇನ್ನೂರು ಚಿಲ್ಲರೆ ಕಿಲೋಮೀಟರ್, ಲ್ವಾರ್ ನದಿಯ ಎಡದಂಡೆ, ಜನಸಂಖ್ಯೆ 13,000ದ ಆಸುಪಾಸು. ನಾನಾಗಿ ಬಂದದ್ದು, ನಾನಾಗಿ ಉಳಿದದ್ದು.

ಊರಿನ ಹೆಸರು ಕೇಳಿದವರಿಗೆ ಲಿಯೊನಾರ್ಡೊ ಡಾ ವಿಂಚಿ ಗೊತ್ತಿರುತ್ತಾನೆ. 1516ರಲ್ಲಿ ದೊರೆ ಒಂದನೆಯ ಫ್ರಾನ್ಸ್ವಾ ಕರೆಸಿಕೊಂಡ, 1519ರ ಮೇ 2ರಂದು ಇಲ್ಲಿನ ಕ್ಲೋ ಲ್ಯೂಸೆ ಮನೆಯಲ್ಲಿ ಅವನು ತೀರಿಕೊಂಡ. ಎಂಟನೆಯ ಶಾರ್ಲ್ ಎಂಬ ದೊರೆಯ ಕಥೆ ಅಷ್ಟು ಪ್ರಸಿದ್ಧವಲ್ಲ. 1498ರಲ್ಲಿ ಅವನು ಚೆಂಡಾಟ ನೋಡಲು ಹೊರಟವನು ಇಲ್ಲಿನ ಕೋಟೆಯ ಬಾಗಿಲ ಚೌಕಟ್ಟಿಗೆ ತಲೆ ಬಡಿಸಿಕೊಂಡು, ಕೆಲವೇ ಗಂಟೆಗಳಲ್ಲಿ ಸತ್ತ. ನಮ್ಮ ಊರಿನಲ್ಲಿ ಏನೂ ನಡೆಯುವುದಿಲ್ಲ ಎನ್ನುವವರು ಬಗ್ಗಿ ಒಳಗೆ ಬರಬಹುದು.

ಚಿಕ್ಕಮ್ಮನ ಅಳಿಯ, ಅಂದರೆ ಭಾವ, ಅಕ್ಕನ ಜೊತೆ ಬಂದಿದ್ದರು. ಆಗಸ್ಟ್, ಅದೂ ಸೋಮವಾರ. ಬೇಡ ಎಂದು ಹೇಳಿದ್ದೆ. ಕೋಟೆ, ಕ್ಲೋ ಲ್ಯೂಸೆ ಎರಡನ್ನೂ ಪಟಪಟನೆ ಮುಗಿಸಿ, ಎರಡೂವರೆಗೆ ‘ಊಟ ಎಲ್ಲಿ?’ ಎಂದರು. ಇಲ್ಲಿ ಮಧ್ಯಾಹ್ನ ಎರಡಕ್ಕೆ ಅಡುಗೆಮನೆಯ ಒಲೆ ಆರುತ್ತದೆ. ಎಷ್ಟು ಗೋಗರೆದರೂ ತಟ್ಟೆ ಬರುವುದಿಲ್ಲ. ‘ದುಡ್ಡು ಕೊಡುತ್ತೇವೆಂದರೂ ಬೇಡವೆನ್ನುವ ಊರು ಇದೊಂದೇ’ ಎಂದು ಭಾವ ಗೊಣಗಿದರು. ಆ ಮಾತು ನನಗೆ ಹೊಗಳಿಕೆಯಾಗಿ ಕೇಳಿಸಿತು. ನಾನು ಬಾಯಿ ಬಿಡಲಿಲ್ಲ.

ಶುಕ್ರವಾರವೋ ಭಾನುವಾರವೋ ಬೆಳಿಗ್ಗೆ ಬಂದಿದ್ದರೆ ನದಿಯಂಚಿನ ಸಂತೆಗೆ ಕರೆದುಕೊಂಡು ಹೋಗುತ್ತಿದ್ದೆ. ಅಲ್ಲಿ ಸಾಂತ್ ಮೋರ್ ಎಂಬ ಮೇಕೆ ಹಾಲಿನ ಚೀಸ್ ಸಿಗುತ್ತದೆ. ಗೇಣುದ್ದದ ದಿಂಡು, ಮೈತುಂಬ ಬೂದಿ, ನಡುವೆ ಉದ್ದಕ್ಕೂ ತೂರಿಸಿದ ಒಂದು ಹುಲ್ಲುಕಡ್ಡಿ. ಕಡ್ಡಿಯನ್ನು ಎಳೆದು ಒರೆಸಿ ನೋಡಿದರೆ ಚೀಸಿನ ಹೆಸರೂ ಮಾಡಿದವರ ಗುರುತೂ ಅದರ ಮೇಲೆ ಸುಟ್ಟು ಬರೆದಿರುವುದು ಕಾಣುತ್ತದೆ. ಮಾರುವಾಕೆ ಸುಮ್ಮನೆ ಕೊಡುವುದಿಲ್ಲ: ‘ಇವತ್ತು ತಿನ್ನಲಿಕ್ಕೋ, ನಾಡಿದ್ದಿಗೋ?’ ಎಂದು ವಿಚಾರಿಸಿ, ಬೆರಳಿನಿಂದ ಒತ್ತಿ ನೋಡಿ ಆರಿಸುತ್ತಾಳೆ. ಹಿಂದೆ ಸಾಲು ಬೆಳೆಯುತ್ತಿದ್ದರೂ ಯಾರೂ ಬೇಗ ಬೇಗ ಎನ್ನುವುದಿಲ್ಲ, ಏಕೆಂದರೆ ಅವರ ಸರದಿಯಲ್ಲಿ ಅವರಿಗೂ ಹರಟಬೇಕು.

ಸಂತೆಯಿಲ್ಲದ ದಿನ ಬಂದ ಭಾವನಿಗೆ ಉಳಿದದ್ದು ನದಿ. ದಂಡೆಯ ಮೇಲೆ ನಿಂತು, ‘ಇದೇನಾ ಫ್ರಾನ್ಸಿನ ಅತಿ ಉದ್ದದ ನದಿ? ನೀರೇ ಇಲ್ಲವಲ್ಲ, ಬರೀ ಮರಳು’ ಎಂದರು. ಹೇಳುತ್ತಲೇ ಪ್ಯಾಂಟು ಮಡಚಿಕೊಳ್ಳತೊಡಗಿದರು, ಆಚೆಯ ದಿಬ್ಬದವರೆಗೆ ನಡೆದು ಫೋಟೊ ತೆಗೆಸಿಕೊಳ್ಳಲು. ತೋಳು ಹಿಡಿದು ಎಳೆದೆ. ಭಾವನ ಜೊತೆ ನಾನು ಜೋರು ದನಿಯಲ್ಲಿ ಮಾತನಾಡಿದ್ದು ಅದೇ ಮೊದಲು.

ಲ್ವಾರ್‌ನಲ್ಲಿ ಈಜುವುದಕ್ಕೆ ನಿಷೇಧವಿರುವುದು ಸುಮ್ಮನಲ್ಲ. ಮರಳದಿಬ್ಬ ಮೇಲೆ ಗಟ್ಟಿಯಾಗಿ ಕಾಣುತ್ತದೆ, ಅಂಚಿನ ಅಡಿಯನ್ನು ಹರಿವು ಕೊರೆದಿರುತ್ತದೆ. ಪಾದ ಮುಳುಗುವಷ್ಟು ನೀರಿನಿಂದ ಒಂದು ಹೆಜ್ಜೆ ಮುಂದಿಟ್ಟರೆ ಆಳ. ನಿನ್ನೆ ಇದ್ದ ದಿಬ್ಬ ಮುಂದಿನ ವಾರ ಅಲ್ಲೇ ಇರಬೇಕೆಂದೂ ಇಲ್ಲ. 1969ರ ಜುಲೈಯಲ್ಲಿ ಇದೇ ನದಿಯ ಕೆಳಗಡೆ, ಆಂಜೆ ನಗರದ ಹತ್ತಿರ, ಬೇಸಿಗೆ ಶಿಬಿರದ 19 ಮಕ್ಕಳು ಹೀಗೆಯೇ ಮುಳುಗಿದರು.

ಬೇಜಾರಿನ ಬದಲು ಯಾರಾದರೂ ಈ ಮರಳಿನ ಬಗ್ಗೆ ಕೇಳಲಿ ಎಂದು ಎಷ್ಟು ಕಾಯುತ್ತೇನೆ! ಭಾವ ‘ಬರೀ ಮರಳು’ ಎಂದರಲ್ಲ, ಮರಳು ಸಾಲದಾದದ್ದೇ ಇಲ್ಲಿಯ ಕಥೆ. ಎರಡನೆಯ ಮಹಾಯುದ್ಧದ ನಂತರ ಕಟ್ಟಡಗಳಿಗೂ ರಸ್ತೆಗಳಿಗೂ ದಶಕಗಟ್ಟಲೆ ನದಿಯ ಒಡಲಿನಿಂದಲೇ ಮರಳು ತೋಡಿದರು. ತೋಡಿದಷ್ಟೂ ಪಾತ್ರ ತಗ್ಗಿತು, ಬೇಸಿಗೆಯ ನೀರೂ ಅದರೊಂದಿಗೆ ಕೆಳಗಿಳಿಯಿತು. ನಮ್ಮಿಂದ ಕೆಳಗಿರುವ ತೂರ್ ನಗರದ ಹದಿನೆಂಟನೆಯ ಶತಮಾನದ ಕಲ್ಲಿನ ಸೇತುವೆ ಮರದ ಕಂಬಗಳ ಅಡಿಪಾಯದ ಮೇಲೆ ನಿಂತಿತ್ತು. ಮರ ನೀರಿನಲ್ಲಿ ಮುಳುಗಿರುವವರೆಗೆ ಶತಮಾನಗಳೇ ಬಾಳುತ್ತದೆ, ಗಾಳಿ ತಾಕಿದರೆ ಕೊಳೆಯುತ್ತದೆ. ಅಡಿಪಾಯದ ಸುತ್ತಲಿನ ಮಣ್ಣೂ ಕೊಚ್ಚಿಹೋಗುತ್ತಿತ್ತು. 1978ರ ಏಪ್ರಿಲ್ 9ರ ಬೆಳಿಗ್ಗೆ ಕಮಾನುಗಳು ಕುಸಿಯತೊಡಗಿದವು. ಸೇತುವೆಯೊಳಗೇ ಸಾಗುತ್ತಿದ್ದ ಕುಡಿಯುವ ನೀರಿನ ಕೊಳವೆಯೂ ಮುರಿದು, ನದಿ ಪಕ್ಕದಲ್ಲೇ ಹರಿಯುತ್ತಿದ್ದ ನಗರದ ನಲ್ಲಿಗಳು ಒಣಗಿದವು. ನದಿಯ ಮುಖ್ಯ ಪಾತ್ರದಿಂದ ಮರಳು ತೆಗೆಯುವುದನ್ನು ನಿಲ್ಲಿಸಿದ್ದು ತೊಂಬತ್ತರ ದಶಕದಲ್ಲಿ.

ಇದನ್ನು ಹೇಳಿದಾಗ ಭಾವ ಮೊದಲ ಬಾರಿಗೆ ಮೊಬೈಲ್ ಜೇಬಿಗಿಟ್ಟರು. ಅವರು ದಕ್ಷಿಣ ಕನ್ನಡದವರು. ‘ನಮ್ಮ ಮೂಲರಪಟ್ನದ ಸೇತುವೆ’ ಎಂದರು. ಫಲ್ಗುಣಿಯ ಮೇಲಿನ ಆ ಸೇತುವೆ 2018ರಲ್ಲಿ ಬಿದ್ದಾಗ ಜನ ಬೊಟ್ಟು ಮಾಡಿದ್ದು ಮರಳುಗಾರಿಕೆಯ ಕಡೆಗೇ. ಆಮೇಲೆ ನಾವಿಬ್ಬರೂ ಕಟ್ಟೆಯ ಮೇಲೆ ಕುಳಿತು ಲಾರಿ, ಪರವಾನಗಿ, ರಾತ್ರಿ ಸಾಗಾಟ ಎಂದು ಮಾತಾಡುತ್ತಲೇ ಇದ್ದೆವು. ಅಕ್ಕ ಬಂದು ರೈಲಿಗೆ ಹೊತ್ತಾಯಿತು ಎಂದು ಎಬ್ಬಿಸಬೇಕಾಯಿತು. ಊಟವಿಲ್ಲದ ನೆನಪೂ ಅವರಿಗಿರಲಿಲ್ಲ.

ಇಷ್ಟರ ಮೇಲೂ ಬೇಜಾರಾಗುತ್ತದೆ ಎನ್ನುವವರು ರೈಲು ಹತ್ತಿ ತೂರ್‌ಗೆ ಹೋಗಿ, ಇಪ್ಪತ್ತು ನಿಮಿಷದ ದಾರಿ. ಆ ಸೇತುವೆಯನ್ನು ಹಳೆಯ ರೂಪದಲ್ಲೇ ಮತ್ತೆ ಕಟ್ಟಿದ್ದಾರೆ, 2013ರಿಂದ ಅದರ ಮೇಲೆ ಟ್ರಾಮ್ ಓಡುತ್ತಿದೆ. ಊಟ ಮಾತ್ರ ಎರಡು ಗಂಟೆಯೊಳಗೆ ಮುಗಿಸಿಕೊಳ್ಳಿ.