ಉಪ್ಪು ನೋಡುವ ಕೆಲಸ

ನಮ್ಮ ಸಿದ್ದಾಪುರದ ಕಡೆ ಮೇ ತಿಂಗಳಿನಲ್ಲಿ ಊರಿಗೆ ಹೋದವರನ್ನು ನೆಂಟರೆಂದು ಯಾರೂ ಕೂರಿಸಿ ಉಪಚರಿಸುವುದಿಲ್ಲ. ಜೂನ್‌ನಲ್ಲಿ ಮಳೆ ಹಿಡಿಯಿತೆಂದರೆ ಮುಂದೆ ಮೂರು ತಿಂಗಳು ಬಿಸಿಲನ್ನು ನಂಬುವಂತಿಲ್ಲವಾದ್ದರಿಂದ ಕಟ್ಟಿಗೆ, ಒಣಗಿದ ಎಲೆಯ ದರಕು, ಉಪ್ಪಿನಕಾಯಿ, ಹಪ್ಪಳ ಎಲ್ಲವೂ ಅಷ್ಟರೊಳಗೆ ಒಳಸೇರಬೇಕು. ಕಳೆದ ಸಲ ಏಳು ವರ್ಷದ ಮಗಳೊಂದಿಗೆ ಬೆಂಗಳೂರಿನ ರಾತ್ರಿ ಬಸ್ಸು ಇಳಿದು ಮನೆ ತಲುಪುವ ಹೊತ್ತಿಗೆ ಅಪ್ಪ ಹಲಸಿನ ಮರದ ಮೇಲಿದ್ದರು. ಬೆಳೆದ ಕಾಯಿಯನ್ನು ಹಾಗೆಯೇ ಕೊಯ್ದು ಕೆಡವಿದರೆ ಬಿದ್ದ ಭಾಗ ಜಜ್ಜಿಹೋಗುತ್ತದೆ. ಆದ್ದರಿಂದ ತೊಟ್ಟಿಗೆ ಹಗ್ಗ ಬಿಗಿದು ನಿಧಾನವಾಗಿ ಇಳಿಸಬೇಕು. ಚೀಲವನ್ನು ಜಗುಲಿಯ ಮೇಲಿಟ್ಟವನೇ ಹೋಗಿ ಹಗ್ಗದ ಇನ್ನೊಂದು ತುದಿಯನ್ನು ಹಿಡಿದುಕೊಂಡೆ.

ಹಪ್ಪಳಕ್ಕೆ ತೊಳೆ ಗಟ್ಟಿಯಿರುವ ಬಕ್ಕೆ ಹಲಸೇ ಆಗಬೇಕು, ಅದೂ ಬೆಳೆದಿರಬೇಕು, ಹಣ್ಣಾಗಿರಬಾರದು. ಮುಳ್ಳು ಅಗಲವಾಗಿದೆಯೇ ಎಂದು ನೋಡಿ, ಬೆರಳ ಗೆಣ್ಣಿನಿಂದ ಬಡಿದು ಸದ್ದು ಕೇಳಿ ಆಯಿ, ಅಂದರೆ ನನ್ನ ಅಮ್ಮ, ಮೂರು ಕಾಯಿಗಳನ್ನು ಒಪ್ಪಿದಳು. ಕೆಳಗಿನಮನೆ ಚಿಕ್ಕಿ ಮತ್ತು ಪಕ್ಕದ ಮನೆ ಅತ್ತಿಗೆ ಮುಯ್ಯಾಳಿಗೆ ಬಂದಿದ್ದರು. ಇವತ್ತು ನಮ್ಮಲ್ಲಿ, ಮರುದಿನ ಅವರಲ್ಲಿ. ಕೈಗೂ ಕತ್ತಿಗೂ ತೆಂಗಿನೆಣ್ಣೆ ಸವರಿಕೊಂಡು ಎಲ್ಲರೂ ಕುಳಿತು ತೊಳೆ ಬಿಡಿಸಿದೆವು. ಅಷ್ಟು ಎಣ್ಣೆ ಹಚ್ಚಿಕೊಂಡರೂ ಮೇಣ ನನ್ನ ಗಡಿಯಾರದ ಪಟ್ಟಿಯನ್ನು ಬಿಡಲಿಲ್ಲ, ಈಗಲೂ ಬಿಟ್ಟಿಲ್ಲ. ಬೇಳೆಗಳು ಬುಟ್ಟಿಗೂ ಸಿಪ್ಪೆ ಕೊಟ್ಟಿಗೆಗೂ ಹೋದವು.

ಉಗಿಯಲ್ಲಿ ಬೆಂದ ತೊಳೆಯನ್ನು ಬಿಸಿಯಿರುವಾಗಲೇ ಅರೆಯಬೇಕು, ಆರಿದರೆ ಹಿಟ್ಟು ನುಣ್ಣಗಾಗುವುದಿಲ್ಲ. ನಾನು ಚಿಕ್ಕವನಿದ್ದಾಗ ಇದನ್ನು ಒರಳಿನಲ್ಲಿ ಒನಕೆಯಿಂದ ಕುಟ್ಟುತ್ತಿದ್ದರು. ಇಬ್ಬರು ಎದುರುಬದುರು ನಿಂತು ಒಬ್ಬರ ಪೆಟ್ಟಿಗೆ ಇನ್ನೊಬ್ಬರು ಪೆಟ್ಟು ಕೂಡಿಸುತ್ತಿದ್ದುದನ್ನು ಚೆಂದವಾಗಿ ವರ್ಣಿಸುವವರಿದ್ದಾರೆ. ಅವರಲ್ಲಿ ಹೆಚ್ಚಿನವರು ಕುಟ್ಟಿದವರಲ್ಲ ಎಂಬುದು ನನ್ನ ಅನುಮಾನ. ಬಲಗೈಯನ್ನು ಭುಜಕ್ಕಿಂತ ಮೇಲೆತ್ತಲಾಗದ ಚಿಕ್ಕಿ ಈಗ ಗ್ರೈಂಡರಿನ ಗುಂಡಿ ಒತ್ತಿ, ಪಕ್ಕದಲ್ಲಿ ಕಾಲು ಚಾಚಿ ಕುಳಿತು ಎಲೆಯಡಿಕೆ ಹಾಕುತ್ತಾಳೆ. ಹಪ್ಪಳದ ರುಚಿಗೇನೂ ಕುಂದು ಬಂದಿಲ್ಲ.

ಕೊತ್ತಂಬರಿ, ಜೀರಿಗೆ, ಒಣಮೆಣಸು, ಉಪ್ಪು ಬೆರೆತ ಮೇಲೆ ಬರುವುದೇ ನಮ್ಮ ಮನೆಯ ದೊಡ್ಡ ಹುದ್ದೆ, ಉಪ್ಪು ನೋಡುವುದು. ಒಣಗಿದಂತೆ ಉಪ್ಪು ಏರುವುದರಿಂದ ಹಸಿ ಹಿಟ್ಟು ಬಾಯಿಗೆ ಸಪ್ಪೆಯಾಗಿಯೇ ಇರಬೇಕು, ಆದರೆ ಎಷ್ಟು ಸಪ್ಪೆ ಎಂಬುದಕ್ಕೆ ಅಳತೆಯಿಲ್ಲ. ಆ ತೀರ್ಪು ಯಾವಾಗಲೂ ಅಜ್ಜಿಯದು. ಮಕ್ಕಳಾದ ನಾವು ಆಕೆಯ ಸಹಾಯಕರೆಂಬ ನೆಪದಲ್ಲಿ ನಿಂಬೆಹಣ್ಣಿನಷ್ಟು ಹಿಟ್ಟಿಗೆ ತೆಂಗಿನೆಣ್ಣೆ ಹಾಕಿಕೊಂಡು, ಕಾಯಿಚೂರಿನೊಂದಿಗೆ ನಾಲ್ಕು ಸಲವಾದರೂ ಉಪ್ಪು ನೋಡುತ್ತಿದ್ದೆವು. ಈಗ ಅಜ್ಜಿಯ ನಾಲಿಗೆಗೆ ರುಚಿ ಹತ್ತುವುದಿಲ್ಲ. ಆಯಿ ಅಭ್ಯಾಸದಂತೆ ಹಿಟ್ಟಿನ ಉಂಡೆಯನ್ನು ಆಕೆಯ ಮುಂದೆ ಹಿಡಿದಾಗ, ಅಜ್ಜಿ ಅದನ್ನು ತೆಗೆದುಕೊಂಡು ಒಂದು ಗಳಿಗೆ ಕೈಯಲ್ಲಿಟ್ಟುಕೊಂಡಳು. ಆಮೇಲೆ ನನ್ನ ಮಗಳ ಕಡೆ ಚಾಚಿ, “ಉಪ್ಪು ನೋಡು ಕೂಸೇ” ಎಂದಳು.

ಚಿಪ್ಸಿನ ಪೊಟ್ಟಣಗಳಲ್ಲಿ ಬೆಳೆದ ಮಗು ಅಗಿದು, ಮುಖ ಕಿವುಚಿ, “ಉಪ್ಪೇ ಇಲ್ಲ ಮುತ್ತಜ್ಜಿ” ಎಂದಿತು.

“ಹಂಗಾದ್ರೆ ಸರಿ ಇದ್ದು” ಎಂದು ಅಜ್ಜಿ ಆಯಿಯತ್ತ ತಿರುಗಿದಳು. ಆಯಿ ತಾನೂ ಗುಟ್ಟಾಗಿ ಒಂದು ಚೂರು ಬಾಯಿಗೆ ಹಾಕಿಕೊಂಡಿದ್ದನ್ನು ನಾನು ನೋಡಿದೆ. ಉಪ್ಪಿನ ಡಬ್ಬಿಯನ್ನಂತೂ ಆಕೆ ಮತ್ತೆ ಮುಟ್ಟಲಿಲ್ಲ.

ಒತ್ತುವುದು ಬೇಗ ಸಾಗಿತು. ಹಿಂದೆ ಬಾಳೆಲೆಯಿದ್ದಲ್ಲಿ ಈಗ ಎಣ್ಣೆ ಸವರಿದ ಎರಡು ಪ್ಲಾಸ್ಟಿಕ್ ಹಾಳೆಗಳಿವೆ. ಅವುಗಳ ನಡುವೆ ಉಂಡೆಯಿಟ್ಟು ಮೇಲಿಂದ ಮಣೆಯನ್ನು ಒತ್ತಿ, ಅತ್ತಿಗೆ ಒಂದೊಂದನ್ನೇ ಬಿಡಿಸಿ ಚಾಪೆಯ ಮೇಲೆ ಹರವುತ್ತಿದ್ದರೆ ಮಗಳು ಎಣಿಸುತ್ತಿದ್ದಳು. ಮಧ್ಯಾಹ್ನದ ಊಟದ ಹೊತ್ತಿಗೆ ಲೆಕ್ಕ 260 ದಾಟಿತು.

ಮೂರು ಗಂಟೆಗೆ ಮೂಡಣ ದಿಕ್ಕು ಕಪ್ಪಾಯಿತು. ಮೋಡವನ್ನು ಮೊದಲು ಕಂಡವನು ನಾನಾದರೂ, ಮಲಗಿದ್ದಲ್ಲಿಂದಲೇ ಗಾಳಿಯ ವಾಸನೆ ಹಿಡಿದು ಕೂಗಿದವಳು ಅಜ್ಜಿ. ಆರು ಚಾಪೆಗಳನ್ನು, ಹಪ್ಪಳ ಜಾರದಂತೆ ನಾಲ್ಕು ಮೂಲೆಗಳನ್ನು ಹಿಡಿದು, ಇಬ್ಬಿಬ್ಬರಾಗಿ ಒಳಗೆ ಓಡಿಸಿದೆವು. ಕೊನೆಯ ಚಾಪೆ ಹೊಸ್ತಿಲು ದಾಟುವಾಗ ದಪ್ಪ ಹನಿಗಳು ಹಂಚಿನ ಮೇಲೆ ಬಿದ್ದವು. ಅರೆ ಒಣಗಿದ ಹಪ್ಪಳವನ್ನು ಒಂದರ ಮೇಲೊಂದು ಪೇರಿಸಿದರೆ ಅಂಟಿಕೊಳ್ಳುವುದರಿಂದ ನಡುಮನೆ ತುಂಬಿತು, ಕೋಣೆ ತುಂಬಿತು, ಕೊನೆಗೆ ಎರಡೂ ಮಂಚಗಳ ಮೇಲೆ ಹರವಿ ಫ್ಯಾನು ಹಾಕಿದ್ದಾಯಿತು. ಕರೆಂಟು ಹತ್ತೇ ನಿಮಿಷಕ್ಕೆ ಹೋಯಿತು.

ಆ ರಾತ್ರಿ ನಾವೆಲ್ಲ ಜಗುಲಿಯಲ್ಲಿ ಸಾಲಾಗಿ ಮಲಗಿದೆವು. ಮಗಳು ಅಜ್ಜಿಯ ಕಂಬಳಿಯೊಳಗೆ ಸೇರಿಕೊಂಡು, ನಾಳೆ ಚಿಕ್ಕಿಯ ಮನೆಯಲ್ಲೂ ಉಪ್ಪು ನೋಡಲು ತಾನೇ ಹೋಗಬೇಕೇ ಎಂದು ಕೇಳುತ್ತಿದ್ದಳು.